ಅಂಬಲಿ ಒಂದೇ, ಹೆಪ್ಪು ನಾಲ್ಕು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇವತ್ತಿನ ಮಾತು ಹುದುಗಿನ ಬಗ್ಗೆ. ಅದರಲ್ಲೂ ಒಂದೇ ಪ್ರಶ್ನೆ: ಅಡುಗೆ ಅದೇ ಇದ್ದು ಹೆಪ್ಪು ಮಾತ್ರ ಬದಲಾದ್ರೆ ಏನಾಗುತ್ತೆ?

ಬಿಯರ್ ಮಾಡುವವರು ಈ ಪ್ರಶ್ನೆಗೆ ಒಂದು ಸರಳ ದಾರಿ ಕಂಡುಕೊಂಡಿದ್ದಾರೆ. ಮೊಳಕೆ ಬಾರ್ಲಿಯಿಂದ ತೆಗೆದ ಸಿಹಿ ನೀರನ್ನು ಒಂದೇ ಹಂಡೆಯಲ್ಲಿ ಕುದಿಸಿ, ಆರಿಸಿ, ನಾಲ್ಕು ಪಾತ್ರೆಗೆ ಹಂಚುತ್ತಾರೆ. ಒಂದೊಂದಕ್ಕೆ ಒಂದೊಂದು ತಳಿಯ ಯೀಸ್ಟ್ ಹಾಕುತ್ತಾರೆ. ಜರ್ಮನಿಯ ಗೋಧಿ ಬಿಯರಿನ ಯೀಸ್ಟ್ ಹಾಕಿದ ಪಾತ್ರೆಯಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತೆ. ಅದಕ್ಕೆ ಯಾರೂ ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಆ ವಾಸನೆಯೆಲ್ಲ ಯೀಸ್ಟ್ ಮಾಡಿದ್ದು.

ನಮ್ಮಲ್ಲಿ ಮನೆಯೊಳಗೆ ಬಿಯರ್ ಮಾಡುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಲೈಸೆನ್ಸ್ ಪಡೆದು ಮಾಡ್ತಾವೆ, ಅದು ಬೇರೆ ಮಾತು. ಆದರೆ ಪಾಲು ಮಾಡಿ ನೋಡುವ ಈ ವಿದ್ಯೆಗೆ ಬಿಯರೇ ಬೇಕು ಅಂತೇನಿಲ್ಲ, ನಮ್ಮ ಅಂಬಲಿಗೂ ಅದು ಒಪ್ಪುತ್ತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ನನ್ನ ತಂಗಿ ಮತ್ತೆ ಮೂವರು ಹೆಣ್ಮಕ್ಕಳು ಸೇರಿ ಹಗರಿಬೊಮ್ಮನಹಳ್ಳಿಯಲ್ಲಿ ಬೇಸಿಗೆ ಮೂರು ತಿಂಗಳು ಅಂಬಲಿ ಮಾರ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಯಾವ ಕಡೆ ಹೋದ್ರೂ ಏಪ್ರಿಲ್ ಅಂದ್ರೆ 40 ಡಿಗ್ರಿ ಬಿಸಿಲು. ಬೆಳಿಗ್ಗೆ ಹಿತವಾಗಿದ್ದ ಅಂಬಲಿ ಮಧ್ಯಾಹ್ನ ಎರಡಕ್ಕೆ ಬಾಯಿಗಿಡಲಾರದಷ್ಟು ಹುಳಿ ಬಂದ್ರೆ ಗಡಿಗೆಯಲ್ಲಿ ಉಳಿದಿದ್ದೆಲ್ಲ ಚೆಲ್ಲಬೇಕು. ಅವತ್ತಿನ ಕೂಲಿ ಅದರ ಜೊತೆಗೇ ಹೋಯ್ತು. ಅದಕ್ಕೇ ತಂಗಿ ಕೇಳಿದ್ಲು: "ಅಕ್ಕಾ, ಯಾವ ಹೆಪ್ಪು ಹಾಕಿದ್ರೆ ಸಂಜೆತನಕ ತಡಿಯುತ್ತೆ?"

ಇವತ್ತೊಂದು ಹೆಪ್ಪು, ನಾಳೆ ಇನ್ನೊಂದು ಅಂತ ನೋಡಿದ್ರೆ ಉತ್ತರ ಸಿಗೋದಿಲ್ಲ. ನಾಳೆಯ ಹಿಟ್ಟು ಬೇರೆ, ನೀರು ಬೇರೆ, ಬಿಸಿಲು ಬೇರೆ. ಬದಲಾಗೋದು ಒಂದೇ ಇರಬೇಕು. ಅದಕ್ಕೇ ಒಂದೇ ದಿನ, ಒಂದೇ ಪಾತ್ರೆಯಲ್ಲಿ ಕಾಯಿಸಿ ಪಾಲು ಮಾಡಿದ್ವಿ.

ಎಂಟು ಲೀಟರ್ ನೀರಿಗೆ 800 ಗ್ರಾಂ ಜೋಳದ ಹಿಟ್ಟು. ಗಂಟಾಗದಂಗೆ ಕುದಿಸಿ, ಕೈ ಅದ್ದಿದ್ರೆ ಚುರುಕ್ ಅನ್ನೋಷ್ಟು ಆರಿದ ಮೇಲೆ ಎರಡು ಹಿಡಿ ಮೊಳಕೆ ರಾಗಿ ಹಿಟ್ಟು ಕಲಸಿದ್ವಿ. ಯಾಕೆ ಅಂದ್ರೆ ಯೀಸ್ಟಿಗೆ ಬೇಕಾದ್ದು ಸಕ್ಕರೆ. ಬೇಯಿಸಿದ ಹಿಟ್ಟಿನ ಪಿಷ್ಟ ಅದರ ಬಾಯಿಗೆ ಸಿಗೋದಿಲ್ಲ. ಮೊಳಕೆಯಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತೆ. ಗಟ್ಟಿ ಅಂಬಲಿ ನೋಡ್ತಾ ನೋಡ್ತಾ ತೆಳ್ಳಗಾಗೋದು ಇದರಿಂದಲೇ. ಬಾರ್ಲಿಯಲ್ಲಿ ನಡೆಯೋದೂ ಇದೇ ಕೆಲಸ.

ಜೋಳದ ಊರಿನಲ್ಲಿದ್ದು ಜೋಳವನ್ನೇ ಯಾಕೆ ಮೊಳಕೆ ಕಟ್ಟಲಿಲ್ಲ ಅಂತ ಕೇಳಬಹುದು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದ ದನ ಸಾಯುತ್ತೆ ಅನ್ನೋದು ನಮ್ಮ ರೈತರಿಗೆ ಗೊತ್ತಿರೋ ಸಂಗತಿ. ಅದಕ್ಕೆ ಕಾರಣ ಎಳೆ ಜೋಳದಲ್ಲಿರುವ ಧುರ್ರಿನ್. ಅದು ಒಡೆದಾಗ ಸೈನೈಡ್ ಬಿಡುಗಡೆ ಆಗುತ್ತೆ. ಜೋಳದ ಮೊಳಕೆಯ ಕುಡಿಯಲ್ಲೂ ಅದು ಜಾಸ್ತಿ ಇರುತ್ತೆ. ಜೋಳದ ಮಾಲ್ಟ್ ಮಾಡುವವರು ಒಣಗಿಸಿ, ಉಜ್ಜಿ, ಬೇರು-ಕುಡಿ ತೆಗೆದುಹಾಕ್ತಾರೆ. ರಾಗಿಯಲ್ಲಿ ಆ ತಾಪತ್ರಯ ಇಲ್ಲ.

ತೆಳ್ಳಗಾದ ಮೇಲೆ ಮತ್ತೊಂದು ಕುದಿ ಬರಿಸಿದ್ವಿ. ಮೊಳಕೆ ಹಿಟ್ಟಿನ ಜೊತೆ ಬಂದ ಸೂಕ್ಷ್ಮಜೀವಿಗಳು ಸಾಯಬೇಕಲ್ಲ, ಇಲ್ದಿದ್ರೆ ನಾವು ಹಾಕುವ ಹೆಪ್ಪಿನ ಗುಣ ತಿಳಿಯೋದು ಹೇಗೆ? ಆರಿದ ಮೇಲೆ ಕುದಿನೀರಲ್ಲಿ ತೊಳೆದ ನಾಲ್ಕು ಸ್ಟೀಲ್ ಪಾತ್ರೆಗೆ ಎರಡೆರಡು ಲೀಟರ್. ಒಂದನೇದಕ್ಕೆ ಹಿಂದಿನ ದಿನದ ಹಳೇ ಅಂಬಲಿ ಒಂದು ಲೋಟ. ಎರಡನೇದಕ್ಕೆ ಮೊಸರು. ಮೂರನೇದಕ್ಕೆ ಬೇಕರಿ ಯೀಸ್ಟ್ ಒಂದು ಚಿಟಿಕೆ. ನಾಲ್ಕನೇದಕ್ಕೆ ಏನೂ ಇಲ್ಲ. ಪ್ರತಿ ಪಾತ್ರೆಗೂ ಬೇರೆ ಸೌಟು. ಬಟ್ಟೆ ಕಟ್ಟಿ ರಾತ್ರಿ ಒಂದೇ ಕೋಣೆಯಲ್ಲಿ ಇಟ್ವಿ. ಬೆಳಿಗ್ಗೆ ಲೋಟಕ್ಕೆ ನಂಬರ್ ಮಾತ್ರ ಹಾಕಿ, ಯಾವುದು ಯಾವುದು ಅಂತ ಹೇಳದೆ ರುಚಿ ನೋಡಿಸಿದ್ವಿ.

ನಾಲ್ಕನೇದನ್ನು ಯಾರ ಕೈಗೂ ಕೊಡಲಿಲ್ಲ. ಮುಚ್ಚಳ ತೆಗೆದ್ರೆ ಹುಳಿ ಅಲ್ಲ, ಕೊಳೆತ ವಾಸನೆ. ಹೆಪ್ಪಿನ ಮೊದಲ ಕೆಲಸ ರುಚಿ ಕೊಡೋದಲ್ಲ, ಕಾವಲು ಕಾಯೋದು. ಬೇಗ ಹುಳಿ ಬಂದ್ರೆ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಜಾಗ ಇರೋದಿಲ್ಲ.

ಎರಡನೇದು, ಮೊಸರಿನದು, ಬೆಳಿಗ್ಗೆ ಎಲ್ಲರಿಗೂ ಹಿಡಿಸ್ತು. ಆದರೆ ಮೊಸರಿನ ಬ್ಯಾಕ್ಟೀರಿಯಾಗೆ ನಮ್ಮ ಬಿಸಿಲು ಅಂದ್ರೆ ಹಬ್ಬ. ಮಧ್ಯಾಹ್ನ ಒಂದರ ಹೊತ್ತಿಗೆ ಹಲ್ಲು ಚುಳುಕ್ ಅನ್ನುವಷ್ಟು ಹುಳಿಯಾಗಿತ್ತು.

ಮೂರನೇದು ನೊರೆ ಉಕ್ಕಿಸಿತ್ತು. ಬ್ರೆಡ್ಡಿನ ವಾಸನೆ, ಹುಳಿ ಕಡಿಮೆ, ಸಿಹಿ ಹೋಗಿತ್ತು. ಹೋದ ಸಿಹಿ ಎಲ್ಲಿಗೆ ಹೋಯ್ತು? ಅರ್ಧ ಗಾಳಿಗೆ, ಅರ್ಧ ಮದ್ಯಸಾರಕ್ಕೆ. ಬೇಕರಿ ಯೀಸ್ಟೂ ಬಿಯರಿನ ಏಲ್ ಯೀಸ್ಟೂ ಒಂದೇ ಜಾತಿ, ಸ್ಯಾಕರೋಮೈಸಿಸ್ ಸೆರೆವಿಸಿಯೆ. ತಳಿ ಮಾತ್ರ ಬೇರೆ, ಬಿಳಿಜೋಳ ಮತ್ತು ಹೈಬ್ರಿಡ್ ಜೋಳ ಇದ್ದಂಗೆ.

ಒಂದನೇದು ನಿಧಾನ. ಹದವಾದ ಹುಳಿ, ನಾಲಿಗೆ ಮೇಲೆ ಸಣ್ಣ ಚುರುಕು. ಸಂಜೆ ನಾಲ್ಕಕ್ಕೂ ಕುಡಿಯೋಕೆ ಆಗ್ತಿತ್ತು. ಹಳೇ ಗಡಿಗೆಯ ಹೆಪ್ಪು ಒಂದೇ ತಳಿಯದಲ್ಲ. ಅದರಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಕೂಡಿ ಸಂಸಾರ ಮಾಡ್ತಿರುತ್ತವೆ. ವರ್ಷಗಟ್ಟಲೆ ನಮ್ಮ ಬಿಸಿಲಿನಲ್ಲೇ ಬದುಕಿ ಉಳಿದ ಬಳಗ ಅದು.

ಬಿಸಿಲಿಗೆ ತಕ್ಕ ತಳಿ ಅನ್ನೋದು ನಮ್ಮಲ್ಲಿ ಮಾತ್ರ ಅಲ್ಲ. ಲಾಗರ್ ಯೀಸ್ಟಿಗೆ 8ರಿಂದ 13 ಡಿಗ್ರಿ ತಂಪು ಬೇಕು. ಏಲ್ ಯೀಸ್ಟಿಗೆ ಸುಮಾರು 20. ಆದರೆ ನಾರ್ವೆಯ ರೈತರ ಮನೆಗಳಲ್ಲಿ ಉಳಿದು ಬಂದ 'ಕ್ವೈಕ್' ಅನ್ನೋ ಯೀಸ್ಟ್ 30ರಿಂದ 40 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಅದನ್ನು ಅವರು ಮರದ ಬಳೆಗೆ ಹಚ್ಚಿ ಒಣಗಿಸಿ ಕಾಪಾಡಿದ್ರು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ ಮೇಲೆ, ದೊಡ್ಡ ಕಾರ್ಖಾನೆಗಳೆಲ್ಲ ಒಂದೇ ತಳಿಯ ಕಡೆ ತಿರುಗಿದ್ವು. ಪ್ರತಿ ಸಲವೂ ಅದೇ ರುಚಿ ಸಿಕ್ತು. ಊರೂರಿನ ಮಿಶ್ರ ಹೆಪ್ಪುಗಳು ಬಹಳಷ್ಟು ಮರೆಯಾದವು.

ಕೊನೆಗೆ ತಂಗಿ ಒಂದು ಮಾತು ಹೇಳಿದ್ಲು. "ಮೂರನೇದು ಬೇಗ ಆಗುತ್ತೆ ಅಕ್ಕಾ, ನೊರೆ ನೋಡಿ ಜನ ಬರಬಹುದು. ಆದ್ರೆ ನನ್ನ ಹತ್ರ ಕುಡಿತ ಬಿಟ್ಟವರು ಬರ್ತಾರೆ. ಅವರ ಹೆಂಡತಿಯರೇ ಕಳಿಸ್ತಾರೆ, ಅಲ್ಲಿ ಹೋಗಿ ಅಂಬಲಿ ಕುಡಿರಿ ಅಂತ. ಮಕ್ಕಳು ಬರ್ತಾವು, ಬಸ್ ಡ್ರೈವರುಗಳು ಬರ್ತಾರೆ. ಅವರಿಗೆ ಇದನ್ನ ಹೆಂಗ ಕೊಡ್ಲಿ?" ಪ್ರಯೋಗ ಗುಣ ತೋರಿಸುತ್ತೆ ಅಷ್ಟೆ. ಆರಿಸೋದು ಕುಡಿಯುವವರ ಮುಖ ನೋಡಿದವರ ಕೆಲಸ.

ಈಗ ಹಳೇ ಹೆಪ್ಪೇ ಗಟ್ಟಿ ಆಯ್ತು. ಆದರೆ ಅದು ಅಂಗಡಿಯಲ್ಲಿ ಸಿಗೋದಲ್ಲ. ಯಾರೋ ಗಡಿಗೆಯನ್ನು ಸೋಪು ಹಾಕಿ ತಿಕ್ಕಿದ್ರೆ ಮುಗೀತು. ಹಾಗಾಗಿ ನಾಲ್ಕೂ ಹೆಣ್ಮಕ್ಕಳ ಮನೆಯಲ್ಲಿ ಒಂದೊಂದು ಪಾಲು ಇಡಿಸಿದ್ದೀವಿ, ಒಂದು ಸಣ್ಣ ಡಬ್ಬಿ ಫ್ರೀಜರಿನಲ್ಲೂ ಇದೆ. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡಬಾರದು ಅಂತ ಹಿರಿಯರು ಹೇಳ್ತಾರೆ. ಇರಲಿ, ಹಗಲಲ್ಲೇ ಕೊಡೋಣ. ಕೊಟ್ಟಷ್ಟೂ ಉಳಿಯುವ ವಸ್ತು ಅದು.

ನಿಮ್ಮ ಮನೆಯಲ್ಲೂ ಹಳೇ ಹೆಪ್ಪು ಇದ್ರೆ ಈ ಬೇಸಿಗೆಯಲ್ಲಿ ಎರಡು ಪಾತ್ರೆ ಇಟ್ಟು ನೋಡ್ರಿ. ಕುದಿಸೋದು ಒಂದೇ ಸಲ, ಹೆಪ್ಪು ಮಾತ್ರ ಬೇರೆ. ಕೆಟ್ಟ ವಾಸನೆ ಬಂದಿದ್ದನ್ನು ರುಚಿ ನೋಡಕ್ಕೂ ಹೋಗಬ್ಯಾಡ್ರಿ.