ವೀಸಾ ರದ್ದುಪಡಿಸುವುದೂ ಮನೆಯಿಂದ ಹೊರಹಾಕಿದಂತೆಯೇ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಮಗಳನ್ನು ಗಲ್ಫ್‌ಗೆ ಮದುವೆ ಮಾಡಿ ಕಳುಹಿಸುವಾಗ ನಾವು ವರನ ಸಂಬಳ ವಿಚಾರಿಸುತ್ತೇವೆ. ಅವಳ ವಾಸದ ಪರವಾನಗಿ ಅವನನ್ನೇ ಅವಲಂಬಿಸಿದೆ ಎಂಬುದನ್ನು ಯೋಚಿಸುವುದಿಲ್ಲ. ತಲಾಕ್ ಆದಾಗ ಅದೇ ಬೆದರಿಕೆಯ ಅಸ್ತ್ರವಾಗುತ್ತದೆ.

ಇದ್ದತ್ ಅವಧಿಯಲ್ಲಿ ಪತ್ನಿಯನ್ನು ಮನೆಯಿಂದ ಹೊರಹಾಕಬಾರದೆಂದು ಕುರ್‌ಆನ್ (65:1) ಆಜ್ಞಾಪಿಸಿದೆ. ಹೀಗಿರುವಾಗ ವೀಸಾ ರದ್ದುಪಡಿಸಿ ದೇಶದಿಂದಲೇ ಹೊರಹಾಕುವುದು ಯಾವ ನ್ಯಾಯ?

ಯು.ಎ.ಇ.ಯಲ್ಲಿ 2018ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ಪತಿಯ ವೀಸಾದಲ್ಲಿದ್ದ ವಿಚ್ಛೇದಿತೆಯೂ ಅವಳ ಮಕ್ಕಳೂ ಪ್ರಾಯೋಜಕರಿಲ್ಲದೆ ಒಂದು ವರ್ಷದ ವಾಸ ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಆ ಅವಧಿಯಲ್ಲಿ ಉದ್ಯೋಗ ದೊರೆತರೆ ಉದ್ಯೋಗದ ವೀಸಾಕ್ಕೆ ಬದಲಾಗಬಹುದು. ಇತರ ದೇಶಗಳ ನಿಯಮ ಬೇರೆ. ಅದನ್ನು ನಿಕಾಹ್‌ಗೆ ಮೊದಲೇ ತಿಳಿದುಕೊಳ್ಳಿರಿ.

ನಿಕಾಹ್‌ನಾಮಾ, ಪಾಸ್‌ಪೋರ್ಟ್, ಮಕ್ಕಳ ಜನನ ಪತ್ರಗಳು ಅವಳ ಕೈಯಲ್ಲೇ ಇರಲಿ. ‘ಕೂಡಲೇ ಊರಿಗೆ ಬಾ’ ಎನ್ನುವ ಮೊದಲು ಅವಳ ಹಕ್ಕೇನೆಂದು ತಂದೆಯೂ ಜಮಾಅತ್ತಿನ ಹಿರಿಯರೂ ವಿಚಾರಿಸಲಿ.