ಮದುವೆ ಮುಂಗಡ ಒಪ್ಪಿಗೆಯಲ್ಲ
(ಕಾರ್ಮಿಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಅಂಗಡಿಯವರ ತೆರಿಗೆ ಇವುಗಳ ವಿಚಾರವಾಗಿ ನಾವು ಈ ವೇದಿಕೆಯಿಂದ ಎಷ್ಟೋ ಸಲ ಮಾತಾಡಿದ್ದೇವೆ. ಇಂದು ಗಂಡಹೆಂಡಿರ ಲೈಂಗಿಕ ಸಂಬಂಧದ ವಿಚಾರ. ಹಿಂದಿನ ಸಾಲಿನಲ್ಲಿ ಕೆಲವರು ಆಗಲೇ ತಲೆ ತಗ್ಗಿಸಿದ್ದೀರಿ. ಆ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಬಸ್ ನಿಲ್ದಾಣದ ಗೋಡೆ ನೋಡಿ: ಗುಪ್ತರೋಗ, ನರದೌರ್ಬಲ್ಯ, ಧಾತುನಷ್ಟಕ್ಕೆ ಗ್ಯಾರಂಟಿ ಚಿಕಿತ್ಸೆ! ಇಂಥ ಜಾಹೀರಾತುಗಳಿಗೆ 1954ರ ಕಾಯಿದೆಯೇ ಅಡ್ಡಿಯಿದೆ. ಗೋಡೆ ಮಾತ್ರ ಖಾಲಿಯಾಗಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಕೆಲಸಗಾರ ತನ್ನ ಆಯಾಸಕ್ಕೆ ಧಾತು ಹೋದದ್ದೇ ಕಾರಣವೆಂದು ನಂಬಿ ಪಗಾರವನ್ನು ಅಲ್ಲಿ ಸುರಿಯುತ್ತಾನೆ. ಈ ಭಯಕ್ಕೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ. ಅದರಿಂದ ಶಕ್ತಿ ಸೋರುವುದೂ ಇಲ್ಲ.

ಬಲ್ಲ ಸಲಹೆಗಾರರು ಬಾಟಲಿಯಿಂದ ಆರಂಭಿಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆನನ್ 1976ರಲ್ಲಿ ಹಾಕಿಕೊಟ್ಟ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೊದಲು ಬಂದವರಿಗೆ ಅಂಜದೆ ಮಾತಾಡಲು ಎಡೆ. ಅನಂತರ ಬೇಕಾದಷ್ಟು ತಿಳಿವಳಿಕೆ, ಆ ದಂಪತಿಗಳಿಗೆ ಒಗ್ಗುವ ಸೂಚನೆ. ಅಷ್ಟಕ್ಕೂ ಬಗೆಹರಿಯದಿದ್ದರೆ ಮಾತ್ರ ದೀರ್ಘ ಚಿಕಿತ್ಸೆ.

ಅದೇ ದೇಶದ ಸೇಂಟ್ ಲೂಯಿಸ್ ನಗರದಲ್ಲಿ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಎಂಬ ಇಬ್ಬರು ಇನ್ನೊಂದು ದಾರಿ ತೋರಿಸಿ 1970ರಲ್ಲಿ ಪುಸ್ತಕ ಬರೆದರು. ಚಿಕಿತ್ಸೆ ಗಂಡನೊಬ್ಬನಿಗಲ್ಲ, ಹೆಂಡತಿಯೊಬ್ಬಳಿಗಲ್ಲ, ಅವರ ಸಂಬಂಧಕ್ಕೆ ಎಂದರು. ಕೆಲವು ದಿನ ಕೂಡುವುದನ್ನೇ ನಿಲ್ಲಿಸಿ. ಬೆನ್ನು, ಕೈ ಸವರಿ. ಯಾವುದು ಹಿತ, ಯಾವುದು ಬೇಡ ಎಂಬುದನ್ನು ಒಬ್ಬರಿಗೊಬ್ಬರು ಹೇಳಿ ಎಂಬುದು ಅವರ ಪಾಠ. ನಗುತ್ತಿದ್ದೀರಿ, ನಗಿ. ಆದರೆ ಮದುವೆಯಾಗಿ ಹತ್ತು ವರ್ಷವಾದರೂ ‘ನಿನಗೆ ಹೇಗನ್ನಿಸುತ್ತದೆ?’ ಎಂದು ಯಾರೂ ಕೇಳದ ಹೆಂಗಸರು ನಮ್ಮ ಓಣಿಗಳಲ್ಲಿ ಎಷ್ಟಿಲ್ಲ!

‘ತಾಳಿ ಕಟ್ಟಿದ ಮೇಲೆ ಮತ್ತೇನು ಕೇಳುವುದು?’ ಎಂಬ ಮಾತು ಹುಟ್ಟುವುದು ಇಲ್ಲೇ. ಹೊಟ್ಟೆಪಾಡಿಗೆ ಅಂಜಿ ಕೆಲಸಗಾರ ಸುಮ್ಮನಿದ್ದರೆ ‘ಅವನು ಒಪ್ಪಿದ್ದಾನೆ’ ಎನ್ನುತ್ತಾನೆ ಮಾಲೀಕ. ಅದನ್ನು ನಾವು ಒಪ್ಪಂದವೆನ್ನುತ್ತೇವೆಯೇ? ಹಾಗಾದರೆ ನಸುಕಿನಲ್ಲೆದ್ದು ನೀರು ಹೊತ್ತು, ಒಂದೇ ಕೋಣೆಯ ಮನೆಯಲ್ಲಿ ಪರದೆಯಾಚೆ ಅತ್ತೆ ಮಲಗಿರುವಾಗ ಉಸಿರು ಬಿಗಿಹಿಡಿದ ಹೆಣ್ಣುಮಗಳ ಮೌನವನ್ನು ಏನೆನ್ನೋಣ? ನಿನ್ನೆ ಒಪ್ಪಿದವಳು ಇಂದು ಬೇಡವೆನ್ನಬಹುದು. ಗಂಡಸಿಗೂ ಆ ಮಾತು ಸಲ್ಲುತ್ತದೆ. ಮೊದಲ ರಾತ್ರಿಯೇ ಗಂಡಸುತನ ರುಜುವಾತುಪಡಿಸು ಎಂದು ಹುಡುಗನನ್ನು ಕೋಣೆಗೆ ತಳ್ಳುವುದೂ ಒಂದು ಬಲಾತ್ಕಾರವೇ.

ಗಂಡನ ಎದುರು ಹೆಂಡತಿ ‘ಹೂಂ’ ಎಂದ ಮಾತ್ರಕ್ಕೆ ಒಳ್ಳೆಯ ಸಲಹೆಗಾರರು ನಂಬುವುದಿಲ್ಲ. ಅವಳನ್ನು ಬೇರೆ ಕೂರಿಸಿ, ‘ಬೇಡವೆಂದರೆ ಏನಾಗುತ್ತದೆ?’ ಎಂದು ಕೇಳುತ್ತಾರೆ. ಹೊಡೆಯುತ್ತಾರೆ ಎಂಬ ಉತ್ತರ ಬಂದರೆ ಇಬ್ಬರನ್ನೂ ಕೂಡಿಸಿ ರಾಜಿ ಮಾಡಿಸುವ ಮಾತಿಲ್ಲ. ಮೊದಲು ಅವಳ ರಕ್ಷಣೆ. ನಮ್ಮ ಪಂಚರು ಮಾಡುವುದು ಇದರ ತಲೆಕೆಳಗು. ‘ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳಿ, ಆ ಮನೆಗೇ ಕಳಿಸುತ್ತಾರೆ.

ಕಾನೂನೂ ಅರ್ಧ ದಾರಿಯಲ್ಲಿ ನಿಂತಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು, ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸಿದ ಬಲವಂತವನ್ನು ಅತ್ಯಾಚಾರದಿಂದ ಹೊರಗಿಟ್ಟಿದೆ. ಆದರೆ 2005ರ ಕೌಟುಂಬಿಕ ಹಿಂಸೆ ಕಾಯಿದೆ ಲೈಂಗಿಕ ಪೀಡನೆಯನ್ನು ಹಿಂಸೆಯೆಂದೇ ಎಣಿಸುತ್ತದೆ. ರಕ್ಷಣೆಯ ಆಜ್ಞೆ ಕೇಳಿ ಹೆಂಡತಿ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಇದನ್ನು ಮನೆಯಲ್ಲಿ ಹೇಳಿ. ಗಂಡಸರು ತಾವೇ ಹೇಳಿದರೆ ಇನ್ನೂ ಮೇಲು.

ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416; ಕಾಸಿಲ್ಲದೆ ಮಾತಾಡಬಹುದು. ಈಗ ಬಾಗಿಲ ಬಳಿ ಡಬ್ಬಿ ಇಟ್ಟಿದ್ದೇವೆ. ಹೆಸರು ಬರೆಯದೆ ಪ್ರಶ್ನೆಯ ಚೀಟಿ ಹಾಕಿ. ತಾಯಂದಿರ ಡಬ್ಬಿ ಬೇರೆ ಇದೆ, ಅದನ್ನು ನರ್ಸಮ್ಮನವರೇ ತೆರೆಯುತ್ತಾರೆ.