ಕತ್ತಲೆಕೋಣೆಯ ದೀಪ



ಛಾಯಾಚಿತ್ರದ ಹವ್ಯಾಸವುಳ್ಳವರಿಗೆ ಕತ್ತಲೆಕೋಣೆಯೆಂದೊಡನೆ ಕೆಂಪು ದೀಪದ ನೆನಪಾಗುತ್ತದೆ. ಕೆಂಪು ಬೆಳಕಿನಿಂದ ಫಿಲ್ಮಿಗೆ ಅಪಾಯವಿಲ್ಲವೆಂಬ ನಂಬಿಕೆ ಬಹುಮಟ್ಟಿಗೆ ಬೇರೂರಿದೆ. ಇದು ಎಲ್ಲ ಫಿಲ್ಮುಗಳ ವಿಷಯದಲ್ಲಿಯೂ ನಿಜವಲ್ಲ. ಅದನ್ನರಿಯದೆ ದೀಪ ಹೊತ್ತಿಸಿದರೆ ಸುರುಳಿಯ ಚಿತ್ರಗಳೆಲ್ಲ ಮಸುಕಿನಲ್ಲಿ ಅಳಿಸಿಹೋಗುವುವು. ಕಳೆದ ಮುಹೂರ್ತವಾಗಲಿ, ಗತಿಸಿದ ಹಿರಿಯರ ಮುಖವಾಗಲಿ ಮತ್ತೆ ಕ್ಯಾಮರಾದ ಎದುರಿಗೆ ಬರುವುದಿಲ್ಲ. ಆದುದರಿಂದ ದೀಪದ ಆಯ್ಕೆಯು ಅಲ್ಪವಿಷಯವೇನೂ ಅಲ್ಲ.

ಫಿಲ್ಮಿನ ಮೇಲಿರುವ ಬೆಳ್ಳಿಯ ಲವಣವು ಸ್ವಭಾವತಃ ನೀಲಿ ಮತ್ತು ನೇರಳೆಯ ಕಿರಣಗಳಿಗೆ ಬೇಗ ವಶವಾಗುತ್ತದೆ. ತಕ್ಕ ವರ್ಣದ್ರವ್ಯವನ್ನು ಬೆರಸಿದರೆ ಹಸುರು ಹಳದಿಗಳಿಗೂ ಅದು ವಶವಾಗುವುದೆಂದು ಜರ್ಮನಿಯ ಫೋಗೆಲ್ ಎಂಬ ವಿಜ್ಞಾನಿಯು 1873ರಲ್ಲಿ ಕಂಡುಹಿಡಿದನು. ಈ ಬಗೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮು ಕೆಂಪಿಗೆ ಕುರುಡು. ಅದಕ್ಕೆ ಗಾಢವಾದ ಕೆಂಪು ದೀಪ ಸಲ್ಲುತ್ತದೆ. 1906ರಲ್ಲಿ ಇಂಗ್ಲೆಂಡಿನ ರ್‍ಯಾಟನ್ ಮತ್ತು ವೇನ್‌ರೈಟ್ ಕಂಪನಿಯವರು ಪ್ಯಾಂಕ್ರೊಮ್ಯಾಟಿಕ್ ಫಲಕಗಳನ್ನು ಮಾರಾಟಕ್ಕೆ ತಂದರು. ಇವು ಕೆಂಪನ್ನೂ ಗ್ರಹಿಸುವಂಥವು. ಈಗ ದೊರೆಯುವ ಕಪ್ಪುಬಿಳುಪು ಫಿಲ್ಮುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಇವಕ್ಕೆ ಸಂಪೂರ್ಣ ಕತ್ತಲೆಯೇ ಸರಿಯಾದ ದೀಪ! ಕತ್ತಲೆಯಲ್ಲಿ ಸುರುಳಿಯನ್ನು ಬೆಳಕು ಹೊಗದ ತೊಟ್ಟಿಯೊಳಗಿಟ್ಟು ಮುಚ್ಚಿದ ಮೇಲೆ ಉಳಿದ ಕೆಲಸವನ್ನು ಹಗಲಿನಲ್ಲಿಯೇ ನಡಸಬಹುದು.

ಹಾಗಾದರೆ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗಾಗಿ ಹಿಂದಿನವರು ಗಾಢ ಹಸುರು ದೀಪವನ್ನು ಇಟ್ಟುಕೊಂಡಿದ್ದುದೇಕೆ? ಆ ಫಿಲ್ಮು ಹಸುರಿಗೆ ಕುರುಡೆಂದಲ್ಲ. ಮಬ್ಬಿನಲ್ಲಿ ಮನುಷ್ಯನ ಕಣ್ಣು ಹಸುರಿನ ಕಡೆಗೇ ಚುರುಕು. ಅತ್ಯಲ್ಪ ಬೆಳಕಿನಲ್ಲಿಯೂ ಅದಕ್ಕೆ ಏನಾದರೂ ಕಾಣುತ್ತದೆ. ಆ ದೀಪವನ್ನಾದರೂ ಸಂಸ್ಕಾರದ ಕೊನೆಕೊನೆಗೆ ಕೆಲವೇ ಕ್ಷಣ ಬಳಸುತ್ತಿದ್ದರು.

ಚಿತ್ರವನ್ನು ಕಾಗದದ ಮೇಲೆ ಅಚ್ಚಿಳಿಸುವಾಗ ಇಷ್ಟು ನಿರ್ಬಂಧವಿಲ್ಲ. ಸಾಮಾನ್ಯ ಕಪ್ಪುಬಿಳುಪು ಕಾಗದಕ್ಕೆ ತಯಾರಕರು ಹೇಳಿದ ಕಿತ್ತಳೆ ಅಥವಾ ಕೆಂಪು ದೀಪ ಸಾಕು. ಅದು ಹದಿನೈದು ವ್ಯಾಟಿಗೆ ಮೀರದೆ, ನಾಲ್ಕು ಅಡಿಗಿಂತ ಹತ್ತಿರವಿರದೆ ಇದ್ದರೆ ಒಳ್ಳೆಯದು. ಸಾಧಾರಣ ಬಲ್ಬಿಗೆ ಕೆಂಪು ಬಣ್ಣ ಬಳಿದು ತೃಪ್ತರಾಗಬಾರದು. ಕಣ್ಣಿಗೆ ಕೆಂಪಾಗಿ ತೋರಿದರೂ ಅದರಿಂದ ಬೇರೆ ಬಣ್ಣದ ಕಿರಣಗಳು ಸೋರಬಹುದು.

ಹೀಗಾಗಿ ಈ ವಿಷಯದಲ್ಲಿ ಕಣ್ಣಿನ ಸಾಕ್ಷ್ಯ ನಡೆಯದು, ಕಾಗದವನ್ನೇ ಕೇಳಬೇಕು. ಮೊದಲು ಎಲ್ಲ ದೀಪಗಳನ್ನೂ ಆರಿಸಿ, ಒಂದು ತುಂಡು ಕಾಗದಕ್ಕೆ ತೆಳು ಬೂದುಬಣ್ಣ ಬರುವಷ್ಟು ಮಾತ್ರ ಹಿಗ್ಗಿಸುವ ಯಂತ್ರದ ಬೆಳಕು ತೋರಿಸಿರಿ. ಬೆಳಕುಂಡ ಕಾಗದವು ಮುಂದೆ ಬೀಳುವ ಅಲ್ಪ ಬೆಳಕಿಗೂ ಬೇಗ ಮಣಿಯುವುದರಿಂದ ಈ ಎಚ್ಚರಿಕೆ. ಬಳಿಕ ಅದರ ಮೇಲೊಂದು ನಾಣ್ಯವಿಟ್ಟು, ನಿಮ್ಮ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ದೀಪದಡಿಯಲ್ಲಿಟ್ಟು, ಕತ್ತಲೆಯಲ್ಲಿ ಸಂಸ್ಕರಿಸಿರಿ. ನಾಣ್ಯದ ಗುರುತು ಬೆಳ್ಳಗೆ ಮೂಡಿದರೆ ದೀಪವನ್ನು ದೂರ ಸರಿಸಬೇಕು, ಇಲ್ಲವೆ ಬದಲಿಸಬೇಕು. ಮೂಡದಿದ್ದರೆ ಅಷ್ಟು ಹೊತ್ತಿನ ಮಟ್ಟಿಗೆ ನಿರ್ಭಯವಾಗಿರಬಹುದು. ಅದಕ್ಕೂ ಹೆಚ್ಚಿನ ಅಭಯವನ್ನು ಯಾವ ದೀಪವೂ ಕೊಡಲಾರದು.